ಹಗ್ಗಕ್ಕೆ ಕೈ ಹಚ್ಚಿದವರ ಪಾಲು

ಕಳೆದ ವಾರ ಕಾರವಾರದ ನಮ್ಮ ಕಚೇರಿಯ ಹಿಂದಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕಲು ಗುಡ್ಡೆ ಮಾಡುತ್ತಿದ್ದರು. ಕಡಲ ಗಾಳಿಗೆ ತುಕ್ಕು ಹಿಡಿದ ಡಬ್ಬಿಗಳು, ಅಕ್ಷರ ಅಳಿಸಿಹೋದ ಕೀಲಿಮಣೆಗಳು, ಹಲ್ಲಿ ಮೊಟ್ಟೆಯಿಟ್ಟ ಪ್ರಿಂಟರುಗಳು... ಯಾವ ಸಾಮಾನು ಯಾವ ಕಚೇರಿಯದು ಎಂದು ಗುರುತಿಸಲು ನನ್ನನ್ನು ನಿಲ್ಲಿಸಿದ್ದರು. ಅಂಕೋಲೆಯಿಂದ ಬಂದ ರಟ್ಟಿನ ಪೆಟ್ಟಿಗೆಗೆ ಕೈ ಹಾಕಿದಾಗ ಬೆರಳಿಗೆ ಒಂದು ನೂಲು ಸಿಕ್ಕಿಕೊಂಡಿತು. ಎಳೆದೆ. ಹಸಿರು ನೈಲಾನಿನ ಬಲೆ ನೂಲು. ಅದರ ತುದಿಗೆ ಕಟ್ಟಿದ್ದು ಡಿಜಿಟಲ್ ಸಹಿಯ ಕೀಲಿ, ನೋಡಲು ಪೆನ್‌ಡ್ರೈವಿನಂಥದ್ದು. ಗಂಟು ನೋಡಿದೊಡನೆ ಯಾರದೆಂದು ಗೊತ್ತಾಯಿತು. ಆ ಗಂಟು ಹಾಕಲು ಅಲ್ಲಿನ ಕಚೇರಿಯಲ್ಲಿ ಇನ್ಯಾರಿಗೂ ಬರುತ್ತಿರಲಿಲ್ಲ.

ನಾನು ಅಂಕೋಲೆಯಲ್ಲಿದ್ದಾಗ ಅವರು ಅಲ್ಲಿ ನಮ್ಮ ಹೆಡ್‌ಕ್ಲಾರ್ಕು. ಹಾರವಾಡದವರು, ಮೀನುಗಾರರ ಮನೆಯವರು. ಅಣ್ಣತಮ್ಮಂದಿರು ದೋಣಿ ಹತ್ತಿದರೆ ಇವರೊಬ್ಬರು ಕಚೇರಿ ಹತ್ತಿದ್ದರು. ಆದರೂ ಕಡಲು ಅವರನ್ನು ಬಿಟ್ಟಿರಲಿಲ್ಲ. ಕಿಸೆಯಲ್ಲಿ ಸದಾ ಒಂದು ತುಂಡು ಬಲೆ ನೂಲು ಇರುತ್ತಿತ್ತು, ಅದರಲ್ಲೇ ಫೈಲು ಕಟ್ಟುತ್ತಿದ್ದರು, ಕೊಡೆಯ ಹಿಡಿಕೆ ಬಿಗಿಯುತ್ತಿದ್ದರು, ಕನ್ನಡಕದ ಕಾಲು ಮುರಿದಾಗ ಅದನ್ನೂ. ಬುದ್ಧಿವಂತರೆಂದು ಹೇಳಲಾರೆ. ಕಂಪ್ಯೂಟರೆಂದರೆ ಅವರಿಗೆ ನನಗಿಂತ ಹೆಚ್ಚು ಭಯ. ಎರಡು ಸಲ ಒತ್ತಬೇಕಾದಲ್ಲಿ ಒಂದು ಸಲ ಒತ್ತಿ, ಕೈ ಹಿಂದಕ್ಕೆಳೆದುಕೊಂಡು, ಏನಾಗುತ್ತದೋ ಎಂದು ಕಾಯುತ್ತಿದ್ದರು.

ಒಂದು ವರ್ಷ ನಮ್ಮ ಇಲಾಖೆಗೆ ಹೊಸ ತಂತ್ರಾಂಶ ಬಂತು. ಜಾಗದ ದಾಖಲೆಯ ಅರ್ಜಿಗಳೆಲ್ಲ ಇನ್ನು ಕಾಗದದಲ್ಲಿ ಇಲ್ಲ, ಒಪ್ಪಿಗೆಯನ್ನೂ ಕಂಪ್ಯೂಟರಿನಲ್ಲೇ ಒತ್ತಬೇಕು, ಯಾರು ಒತ್ತಿದರೋ ಅವರ ಹೆಸರು ಅಲ್ಲಿ ಬೀಳುತ್ತದೆ ಎಂದು ಸುತ್ತೋಲೆ ಬಂತು. ಕಾಗದ ಸಿಕ್ಕಿಕೊಂಡ ಪ್ರಿಂಟರನ್ನು ನಾನು ಯಾವಾಗಲೋ ಒಮ್ಮೆ ಸರಿ ಮಾಡಿದ್ದೆ. ಅದೊಂದೇ ಅರ್ಹತೆಯ ಮೇಲೆ ತಂತ್ರಾಂಶದ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿದರು. ಅಂದಿನಿಂದ ನನ್ನ ಗೋಳು ಶುರು.

ಡೌನ್‌ಲೋಡಿಗೆ ಹಚ್ಚಿದರೆ ಹಸಿರು ಪಟ್ಟಿ ನಿಧಾನಕ್ಕೆ ತೆವಳಿ ತೆವಳಿ ಇನ್ನೇನು ಮುಟ್ಟಿತು ಅನ್ನುವಾಗ ನೆಟ್‌ವರ್ಕು ಬೀಳುತ್ತಿತ್ತು. ಹೆದ್ದಾರಿಯವರು ಎಲ್ಲೋ ಅಗೆದು ಕೇಬಲ್ ಕಡಿಯುತ್ತಿದ್ದರು, ಅದನ್ನು ಜೋಡಿಸುವಷ್ಟರಲ್ಲಿ ಗಾಳಿಗೆ ಮರ ಬೀಳುತ್ತಿತ್ತು. ಮತ್ತೆ ಮೊದಲಿನಿಂದ. ಕೊನೆಗೆ ನಾನು ಪೆನ್‌ಡ್ರೈವು ಹಿಡಿದು ಕಾರವಾರಕ್ಕೆ ಬಸ್ಸು ಹತ್ತಿ, ಜಿಲ್ಲಾ ಕಚೇರಿಯಲ್ಲಿ ಕಾದು ಕೂತು, ಸೆಟಪ್ ಫೈಲನ್ನು ಪರ್ಸಿನಲ್ಲಿಟ್ಟುಕೊಂಡು ತರುತ್ತಿದ್ದೆ. ತಂದರೂ ಹಾಕುವಂತಿಲ್ಲ. ಹಾಕಲು ಅಡ್ಮಿನ್ ಪಾಸ್‌ವರ್ಡು ಬೇಕು, ಅದು ಇರುವುದು ಗುತ್ತಿಗೆ ಕಂಪನಿಯ ಟೆಕ್ನಿಶಿಯನ್ ಹತ್ತಿರ, ಅವನಿಗೆ ಇಡೀ ಜಿಲ್ಲೆ ತಿರುಗಬೇಕು. ದೂರು ಬರೆದರೆ ಬೆಂಗಳೂರಿನಿಂದ ಉತ್ತರ ಬರುತ್ತಿತ್ತು: ‘ನಿಮ್ಮ ಸಮಸ್ಯೆ ಬಗೆಹರಿದಿದೆ, ದೂರು ಮುಕ್ತಾಯಗೊಳಿಸಲಾಗಿದೆ.’ ಬಗೆಹರಿಯದ ಸಮಸ್ಯೆಯ ಎದುರು ಕೂತು ಅದನ್ನು ಓದುವಾಗ ಹೊಟ್ಟೆ ಉರಿಯುತ್ತಿತ್ತು. ನಾನು ಮಾನಿಟರಿಗೇ ಬೈಯುತ್ತಿದ್ದೆ, ಹೆಡ್‌ಕ್ಲಾರ್ಕರು ತಲೆಯೆತ್ತಿ, “ಅದ್ಕೆ ಕಿವಿ ಇಲ್ಲ ಮಾರಾಯ್ತಿ, ನೀರಾದ್ರೂ ಕುಡಿ” ಅನ್ನುತ್ತಿದ್ದರು.

ಅಂತೂ ಒಂದು ದಿನ ಟೆಕ್ನಿಶಿಯನ್ ಬಂದ. ಒಂದೊಂದೇ ಯಂತ್ರಕ್ಕೆ ತಂತ್ರಾಂಶ ಹಾಕಿದ, ತೆರೆದು ತೋರಿಸಿದ, ಎಲ್ಲ ಚೆನ್ನಾಗಿಯೇ ಓಡಿತು. ಹೆಡ್‌ಕ್ಲಾರ್ಕರು ಮಾತ್ರ ತಮ್ಮ ಯಂತ್ರದ ಸರದಿ ಬಂದಾಗ ಅವನ ಬೆನ್ನ ಹಿಂದೆ ನಿಂತು ಪರದೆಯ ಮೇಲೆ ಬಂದುದನ್ನೆಲ್ಲ ಓದಿಸಿಕೊಂಡರು. ನಡುವೆ ಒಂದು ಪ್ರಶ್ನೆ ಬಂತು: ಇದನ್ನು ಈ ಕಂಪ್ಯೂಟರ್ ಬಳಸುವ ಎಲ್ಲರಿಗೂ ಹಾಕಬೇಕೋ, ಹಾಕುತ್ತಿರುವವರಿಗೆ ಮಾತ್ರವೋ?

“ಎಲ್ಲರ್ಗೂ ಹಾಕೋ. ಒಬ್ರಿಗೆ ಮಾತ್ರ ಹಾಕೂದು ಎಂತಕ್ಕೆ?” ಎಂದರು. ಅವನು ನಕ್ಕು ಹಾಗೇ ಒತ್ತಿದ. ಆ ಗಳಿಗೆ ನನಗೆ ಚೆನ್ನಾಗಿ ನೆನಪಿದೆ, ಆದರೆ ಅದರ ಅರ್ಥ ತಿಳಿದದ್ದು ಎಲ್ಲ ಮುಗಿದ ಮೇಲೆ.

ಮಾರನೆಯ ಬೆಳಿಗ್ಗೆ ನೋಡಿದರೆ ಯಾರ ಯಂತ್ರದಲ್ಲೂ ತಂತ್ರಾಂಶ ತೆರೆಯದು. ಹೆಡ್‌ಕ್ಲಾರ್ಕರದು ಮಾತ್ರ ಓಡುತ್ತಿತ್ತು. ನಾನು ಮತ್ತೆ ದೂರು ಬರೆದೆ, ಬೆಂಗಳೂರಿನವರು ಮತ್ತೆ ಮುಕ್ತಾಯಗೊಳಿಸಿದರು. ಇರುವುದನ್ನೆಲ್ಲ ತೆಗೆದು ಹೊಸದಾಗಿ ಹಾಕಿ ಎಂದು ಒಮ್ಮೆ ಫೋನಿನಲ್ಲಿ ಹೇಳಿದರು. ಹೆಡ್‌ಕ್ಲಾರ್ಕರು ತಮ್ಮ ಯಂತ್ರಕ್ಕೆ ಅಡ್ಡ ನಿಂತರು. “ಓಡ್ತಾ ಇದ್ದದ್ದು ಇದೊಂದೇ. ಇದ್ಕೂ ಕೈ ಹಾಕಿದ್ರೆ ನಾವೆಲ್ಲಾ ಸಮುದ್ರದ ಬೇಲೆ ಮೇಲೆ ಆಡೂಕೆ ಹೋಗೂದೇ ಸೈ.”

ಸುಂಕಸಾಳದ ಕಡೆಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಹೊಳೆ ಬಂದು ಮನೆ ಬಿದ್ದಿತ್ತು, ಹೊಸದಾಗಿ ಕಟ್ಟಿಕೊಳ್ಳಲು ಜಾಗದ ದಾಖಲೆ ಬೇಕಾಗಿತ್ತು. ನಾನು ಪ್ರತಿ ಸಲವೂ ‘ಸಿಸ್ಟಂ ಸರಿಯಿಲ್ಲ’ ಎಂದು ಕಳಿಸುತ್ತಿದ್ದೆ. ಒಂದು ದಿನ ಅವಳು ಬಾಗಿಲಲ್ಲೇ ನಿಂತು, “ಇವತ್ತೂ ಮಿಷನ್ ಮಲಗಿದ್ಯಾ ಅಕ್ಕೋರೇ? ಹಂಗಾದ್ರೆ ನಾ ಒಳಗ್ ಬರೂದಿಲ್ಲ, ಬಸ್ಸು ತಪ್ಪೋತದೆ” ಅಂದಳು. ಸಿಟ್ಟಿನಲ್ಲೂ ಅನ್ನಲಿಲ್ಲ, ಅದೇ ನನಗೆ ನಾಟಿತು. ಹೆಡ್‌ಕ್ಲಾರ್ಕರು ಕುರ್ಚಿಯಿಂದೆದ್ದರು. “ಬಾ ತಂಗಿ, ಇಲ್ಲಿ ಕೂತ್ಕೊ. ಅವ್ಳದ್ದು ಮಾಡಿ ಕೊಡು” ಎಂದು ನನಗೆ ತಮ್ಮ ಸೀಟು ಬಿಟ್ಟರು. ಪಾಸ್‌ವರ್ಡು ಅವರ ಮನೆಯ ದೋಣಿಯ ಹೆಸರು. ಅದನ್ನು ಎಲ್ಲರೆದುರೇ ಗಟ್ಟಿಯಾಗಿ ಹೇಳಿದರು.

ಅಂದು ಶುರುವಾದದ್ದು ಪದ್ಧತಿಯಾಯಿತು. ಬೆಳಿಗ್ಗೆ ಬಂದವರೇ ಅವರು ಯಂತ್ರ ತೆರೆದು, ಸಹಿಯ ಕೀಲಿ ಚುಚ್ಚಿ, ಯಾರೂ ಮರೆತು ಒಯ್ಯದಂತೆ ಅದನ್ನು ಬಲೆ ನೂಲಿನಿಂದ ಮೇಜಿನ ಕಾಲಿಗೆ ಕಟ್ಟಿ, ತಾವು ಕಿಟಕಿ ಹತ್ತಿರದ ಸ್ಟೂಲಿನಲ್ಲಿ ಕೂರುತ್ತಿದ್ದರು. ಪ್ರತಿ ಸಲ ಹೊರಬಂದು ಬೇರೆ ಹೆಸರಿನಲ್ಲಿ ಒಳಹೋಗುವಷ್ಟರಲ್ಲಿ ನೆಟ್‌ವರ್ಕು ಬೀಳುತ್ತಿದ್ದರಿಂದ, ನಾವು ಸರದಿಯಲ್ಲಿ ಹೋಗಿ ಅವರ ಹೆಸರಿನಲ್ಲೇ ಕೆಲಸ ಮಾಡುತ್ತಿದ್ದೆವು. ಕೂತವರು ತಮ್ಮದಷ್ಟೇ ಅಲ್ಲ, ನೆಟ್‌ವರ್ಕು ಬೀಳುವುದರೊಳಗೆ ಎದುರಿಗೆ ಬಂದದ್ದನ್ನೆಲ್ಲ ಮುಗಿಸಿ ಏಳಬೇಕು. ಲಾಗಿನ್ ಯಾರಿಗೂ ಕೊಡಬಾರದೆಂದು ಸುತ್ತೋಲೆಯಲ್ಲಿ ಬರೆದಿದೆ ಎಂದು ನಾನು ಅವರಿಗೆ ಓದಿ ಹೇಳಿದೆ. ಒಮ್ಮೆಯಲ್ಲ, ಹಲವು ಸಲ ಹೇಳಿದೆ.

ಅವರ ಉತ್ತರ ಹಾರವಾಡದ ದಂಡೆಯದು. ಅಲ್ಲಿ ಏಂಡಿ ಬಲೆ ಎಳೆಯುತ್ತಾರೆ. ದೋಣಿಯಲ್ಲಿ ಬಲೆಯನ್ನು ಕಡಲೊಳಗೆ ಸುತ್ತುಹಾಕಿ ಬಂದು, ಎರಡೂ ತುದಿಯ ಹಗ್ಗಗಳನ್ನು ದಂಡೆಯಿಂದ ಊರವರೆಲ್ಲ ಸೇರಿ ಎಳೆಯುವುದು. ಬಲೆ ಯಾರದೇ ಇರಲಿ, ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ಕೊನೆಯ ಗಳಿಗೆಯಲ್ಲಿ ಓಡಿ ಬಂದವನಿಗೂ ಉಂಟು, ಕೈಲಾಗದ ಮುದುಕಿ ಬಂದು ಹಗ್ಗ ಮುಟ್ಟಿದರೂ ಉಂಟು. “ಒಂದೇ ಬಲೆ ಸರಿ ಇದ್ದದ್ದು. ಎಲ್ಲಾ ಎಳೀಲಿ ಬಿಡು” ಎನ್ನುತ್ತಿದ್ದರು. ಕಡಲಿನ ಲೆಕ್ಕವನ್ನು ಸರ್ಕಾರಕ್ಕೆ ಹಚ್ಚುವವರಿಗೆ ಏನು ಹೇಳುವುದು? ನಾನೂ ಹಗ್ಗ ಹಿಡಿದೆ. ಜನ ಖಾಲಿ ಕೈಯಲ್ಲಿ ಹೋಗುವುದು ನಿಂತಿತು. ಆ ಒಂದಿಷ್ಟು ತಿಂಗಳು ನಮ್ಮ ಕಚೇರಿಯಲ್ಲಿ ನಗು ಕೂಡ ಇತ್ತು...

ಆಮೇಲೆ ಹಾರವಾಡದ ಹೆಂಗಸರು ಬಂದರು.

ಬುಟ್ಟಿ ಹೊತ್ತುಕೊಂಡೇ ಬಂದಿದ್ದರು, ಒಣಮೀನಿನ ವಾಸನೆ ಅವರಿಗಿಂತ ಮೊದಲು ಒಳಗೆ ಬಂತು. ದಂಡೆಯ ಮರಳಿನ ಮೇಲೆ ಅವರೆಲ್ಲ ಸೇರಿ ಮೀನು ಒಣಗಿಸುತ್ತಿದ್ದ ಜಾಗಕ್ಕೆ ಅಂದು ಬೆಳಿಗ್ಗೆ ಯಾರೋ ಕಲ್ಲು ಕಂಬ ನೆಟ್ಟಿದ್ದರು. ಕೇಳಿದರೆ, ಅದು ತನ್ನ ಹೆಸರಿಗೆ ಆಗಿದೆ ಎಂದು ಊರಿನವನೇ ಒಬ್ಬ ದಾಖಲೆ ತೋರಿಸಿದನಂತೆ. ಅವನು ಹೆಡ್‌ಕ್ಲಾರ್ಕರಿಗೆ ದೂರದ ಸಂಬಂಧ ಬೇರೆ. ನಾನು ಪರದೆಯ ಮೇಲೆ ತೆರೆದೆ. ಒಪ್ಪಿಗೆ ಆಗಿತ್ತು. ಕೆಳಗೆ ಹೆಡ್‌ಕ್ಲಾರ್ಕರ ಹೆಸರು, ಅವರ ಸಹಿ.

ಹೆಂಗಸರ ಮುಂದೆ ನಿಂತಿದ್ದವರು ವಯಸ್ಸಾದವರು, ಸಂಬಂಧದಲ್ಲಿ ಹೆಡ್‌ಕ್ಲಾರ್ಕರಿಗೆ ಅತ್ತೆಯಾಗಬೇಕು. ಬುಟ್ಟಿ ಇಳಿಸಿ ಕೇಳಿದರು: “ನೀ ನಮ್ಮೂರಂವ ಹೌದಲ್ಲೋ? ಆ ಹೊಯ್ಗೆ ಮೇಲೆ ನಿನ್ನ ಹೆತ್ತಬ್ಬೀನೂ ಮೀನು ಒಣ್ಸಿದ್ಲಲ್ಲೋ?”

ಹೆಡ್‌ಕ್ಲಾರ್ಕರು ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದರು. ಅಲ್ಲಿದ್ದವರಲ್ಲಿ ಒಬ್ಬಳು ಗಂಡ ಸತ್ತು ಅನುಕಂಪದ ಮೇಲೆ ನೌಕರಿಗೆ ಬಂದವಳು, ಇನ್ನೂ ಕಾಯಂ ಆಗಿರಲಿಲ್ಲ. ಒಬ್ಬರಿಗೆ ನಿವೃತ್ತಿ ಹತ್ತಿರವಿತ್ತು. ಯಾರು ಒತ್ತಿದ್ದು? ಆಸೆಗೆ ಬಿದ್ದು ಒತ್ತಿದ್ದೋ, ನೆಟ್‌ವರ್ಕು ಬೀಳುತ್ತದೆಂಬ ಅವಸರದಲ್ಲಿ ನೋಡದೆ ಒತ್ತಿದ್ದೋ? ಇವತ್ತಿಗೂ ನನಗೆ ಗೊತ್ತಿಲ್ಲ. ಒಪ್ಪಿಗೆ ಬಿದ್ದ ದಿನ ನಾನು ಸೆಟಪ್ ಫೈಲಿಗಾಗಿ ಕಾರವಾರದಲ್ಲಿದ್ದೆ. ಹೆಡ್‌ಕ್ಲಾರ್ಕರೂ ಆ ಹೊತ್ತಿಗೆ ಸೀಟಿನಲ್ಲಿರಲಿಲ್ಲ, ಪೇಟೆಯಲ್ಲಿ ದವಡೆ ಹಲ್ಲು ಕೀಳಿಸಿಕೊಳ್ಳುತ್ತಿದ್ದರು. ಮರುದಿನ ಅವರ ಊದಿದ ಕೆನ್ನೆ ನೋಡಿ ನಾವು ತಮಾಷೆ ಮಾಡಿದ್ದು ನನಗೆ ನೆನಪಿತ್ತು.

“ಹೆಸರು ನಂದೇ ಅದೆ ಅತ್ತೆ. ಸರಿ ಮಾಡ್ಸಿ ಕೊಡ್ತೆ” ಎಂದರು. ಅಷ್ಟೇ. ಅತ್ತೆ ಬುಟ್ಟಿ ಎತ್ತಿಕೊಂಡು ಹೊರಟುಹೋದರು.

ವಿಚಾರಣೆ ಕಾರವಾರದಲ್ಲಿ. ತಂತ್ರಾಂಶದವಳೆಂದು ನನ್ನನ್ನೂ ಕರೆದಿದ್ದರು. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ: ಇವರು ಹಲ್ಲು ಕೀಳಿಸಲು ಹೋಗಿದ್ದರು, ನಮ್ಮ ಯಂತ್ರಗಳು ಓಡುತ್ತಿರಲಿಲ್ಲ, ಈ ಒಂದು ಸೀಟಿನಲ್ಲಿ ನಾವೆಲ್ಲರೂ ಕೆಲಸ ಮಾಡಿದ್ದೇವೆ, ನಾನೂ ಮಾಡಿದ್ದೇನೆ. ಅಧಿಕಾರಿ ನನ್ನ ದೂರುಗಳನ್ನು ತೆರೆಸಿ ನೋಡಿದರು. ಎಲ್ಲದರ ಎದುರೂ ‘ಬಗೆಹರಿದಿದೆ’ ಎಂದೇ ಇತ್ತು. “ಇಲ್ಲಿ ಸಮಸ್ಯೆಯೇ ಇಲ್ಲವಲ್ಲಮ್ಮಾ” ಎಂದರು. ನನಗೆ ಆ ಮೇಜನ್ನೇ ಮಗುಚಿಹಾಕುವಷ್ಟು ಸಿಟ್ಟು ಬಂತು. ಆಮೇಲೆ ಅವರು ಹೆಡ್‌ಕ್ಲಾರ್ಕರ ಕಡೆ ತಿರುಗಿ, ಆ ಹೊತ್ತಿಗೆ ಕುರ್ಚಿಯಲ್ಲಿ ಯಾರಿದ್ದರು, ಹೆಸರು ಹೇಳಿ ಎಂದರು.

“ಕುರ್ಚಿ ನಂದು, ಕೀಲಿ ನಂದು. ನಂದೇ ಅಂತ ಬರ್ಕೊಳ್ಳಿ” ಎಂದರು ಹೆಡ್‌ಕ್ಲಾರ್ಕರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವರ ಜೊತೆ ಜಗಳವಾಡಿದೆ. ಕದ್ದವರು ಬೇರೆ, ಕಟ್ಟಿಹಾಕಿಸಿಕೊಳ್ಳುವವರು ನೀವಾ, ನಿಮಗೆ ತಲೆ ನೆಟ್ಟಗಿದೆಯಾ ಎಂದೆ. ಕಿಟಕಿಯಾಚೆ ಕಡಲು ಕಂಡಿತು. ಅವರು ಅತ್ತ ನೋಡುತ್ತ ಮೆಲ್ಲಗೆ, “ಯಾರ್ದೋ ಒಂದು ಕೈ ತಂಗಿ. ಆ ಕೈ ಯಾವ್ದು ಅಂತ ಹುಡ್ಕೂಕೆ ಹೊರಟ್ರೆ ಎಲ್ಲರ ಕೈಯೂ ಕಡೀತಾರೆ. ಕರ್ದು ಕೂರ್ಸಿದಂವ ನಾನು” ಎಂದರು. ಕೂರಿಸಿದ್ದು ಅವರೇ ಎಂಬುದೇನೋ ನಿಜ. ಆದರೆ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ, ಇಂದಿಗೂ ಆಗಿಲ್ಲ. ಹಾಗೆ ಬಾಯಿ ಮುಚ್ಚಿಕೊಂಡು ಅವರು ಕಾಪಾಡಿದ್ದು ಯಾರನ್ನು? ಆ ಒಬ್ಬ ಯಾರೋ ಇವತ್ತಿಗೂ ನನ್ನೆದುರು ಚಹಾ ಕುಡಿಯುತ್ತಿರಬಹುದು.

ಅವರನ್ನು ಅಮಾನತು ಮಾಡಿದರು. ದಂಡೆಯ ಜಾಗ ಮಾತ್ರ ಬೇಗ ಸರಿಹೋಯಿತು. ಒಪ್ಪಿಗೆ ರದ್ದಾಯಿತು, ಕಂಬ ಕೀಳಿಸಿದರು, ಹೆಂಗಸರು ಮತ್ತೆ ಅಲ್ಲೇ ಮೀನು ಹರವಿದರು. ಹಾಗಾದ ಮೇಲೆ ಊರಿನಲ್ಲಿ ಎಲ್ಲ ತಣ್ಣಗಾಗಿರುತ್ತದೆ ಎಂದು ನಾನು ತಿಳಿದಿದ್ದೆ.

ಒಂದು ಭಾನುವಾರ ಅವರನ್ನು ನೋಡಿ ಬರೋಣವೆಂದು ಬೊಬ್ರುವಾಡದ ನಮ್ಮ ಮನೆಯಿಂದ ಒಂದಿಷ್ಟು ಬಸಳೆ ಕಟ್ಟಿಕೊಂಡು ಹಾರವಾಡಕ್ಕೆ ಹೋದೆ. ಮನೆಯಲ್ಲಿರಲಿಲ್ಲ, ದಂಡೆಯಲ್ಲಿದ್ದಾರೆ ಎಂದರು ಅವರ ಹೆಂಡತಿ. ಹೋದರೆ ಏಂಡಿ ಬಲೆ ಎಳೆಯುತ್ತಿದ್ದರು. ಸಾಲಿನ ಕೊನೆಯಲ್ಲಿ ಪಂಚೆ ಮೇಲೆ ಕಟ್ಟಿಕೊಂಡು ಹೆಡ್‌ಕ್ಲಾರ್ಕರು. ನನ್ನನ್ನು ನೋಡಿ ಮುಖ ಅರಳಿತು, “ಬಾ ಬಾ, ಹಿಡಿ” ಎಂದು ಕೂಗಿದರು. ನಾನು ಚಪ್ಪಲಿ ಬಿಟ್ಟು ಹೋಗಿ ಅವರ ಹಿಂದೆ ಹಗ್ಗ ಹಿಡಿದೆ. ಎಳೆದೆ ಎನ್ನಲಾರೆ, ಹಿಡಿದುಕೊಂಡು ಹಿಂದೆ ಹಿಂದೆ ನಡೆದೆ ಅಷ್ಟೇ. ಅವರು ನಿಜವಾಗಿ ಎಳೆಯುತ್ತಿದ್ದರು. ಕತ್ತಿನ ನರ ಉಬ್ಬಿತ್ತು, ಕಾಲು ಹೊಯ್ಗೆಯಲ್ಲಿ ಹುಗಿದುಹೋಗುತ್ತಿತ್ತು.

ಬಲೆ ಬಂತು. ಬಾಂಗಡೆ, ತಾರಲೆ, ಒಂದಿಷ್ಟು ನೊಗ್ಲಿ... ಅತ್ತೆ ಬುಟ್ಟಿ ಹಿಡಿದು ಪಾಲು ಹಾಕಲು ನಿಂತರು. ಎಳೆದವರು ಸಾಲಾಗಿ ಕೂತರು, ಒಬ್ಬೊಬ್ಬರ ಮುಂದೆ ಒಂದೊಂದು ಗುಪ್ಪೆ ಬೀಳುತ್ತ ಬಂತು. ನನ್ನ ಮುಂದೂ ಬಿತ್ತು. ನನಗೆ ಬೇಡ ಅಂದದ್ದಕ್ಕೆ ಅತ್ತೆ, “ನೀನೂ ಕೈ ಹಚ್ಚಿದ್ಯಲ್ಲೇ, ತಕೊ” ಎಂದರು. ಆಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ಹೆಡ್‌ಕ್ಲಾರ್ಕರನ್ನು ದಾಟಿ ಮುಂದಿನವನ ಮುಂದೆ ಬುಟ್ಟಿ ಬಗ್ಗಿಸಿದರು.

ಯಾರೂ ಬೈಯಲಿಲ್ಲ, ಎದ್ದು ಹೋಗೆನ್ನಲೂ ಇಲ್ಲ. ಅವರ ಮುಂದಿನ ಹೊಯ್ಗೆ ಖಾಲಿ ಇತ್ತು. ಅಲ್ಲಿ ಕೂತಿದ್ದವರು ಯಾರೂ ಆಶ್ಚರ್ಯಪಡದಿದ್ದುದನ್ನು ನೋಡಿ, ಇದು ಅಂದು ಮೊದಲಲ್ಲ ಎಂದು ನನಗೆ ಗೊತ್ತಾಯಿತು. ಪ್ರತಿ ಸಲ ಬಂದು ಎಳೆಯುತ್ತಿದ್ದರು, ಪ್ರತಿ ಸಲ ಸಾಲಿನಲ್ಲಿ ಕೂರುತ್ತಿದ್ದರು. ನನ್ನ ಗುಪ್ಪೆಯನ್ನು ಅವರ ಕಡೆ ಸರಿಸಲು ಹೋದೆ. ಅವರು ಕೈ ಅಡ್ಡ ಹಿಡಿದು, “ನಿನ್ ಪಾಲು ನಿಂಗೆ. ಬಾಂಗಡೆ ಹೊಸಾದು ಅದೆ, ಹುಳಿ ಜಾಸ್ತಿ ಹಾಕ್ಬೇಡ” ಎಂದು ನಕ್ಕರು. ಆ ನಗು ನೆನಪಾದರೆ ನನಗೆ ಈಗಲೂ ಅವರ ಮೇಲೇ ಸಿಟ್ಟು ಬರುತ್ತದೆ. ಅಲ್ಲೇ ಎದ್ದು ನಿಂತು, ಒತ್ತಿದ್ದು ಇವರಲ್ಲ ಎಂದು ಕೂಗಿ ಹೇಳಲು ಬಾಯಿ ತೆರೆದೆ. ಅವರು ನನ್ನ ಕೈ ಹಿಡಿದು ಒತ್ತಿ ಕೂರಿಸಿದರು. ಅಂಗೈ ಹಗ್ಗಕ್ಕೆ ಉಜ್ಜಿ ಬಿಸಿಯಾಗಿತ್ತು.

ಯಂತ್ರಗಳ ಗುಟ್ಟು ಬಯಲಾದದ್ದು ಆಮೇಲೆ, ಬೇರೊಬ್ಬ ಟೆಕ್ನಿಶಿಯನ್ ಬಂದಾಗ. ನಮ್ಮೆಲ್ಲರ ಯಂತ್ರಗಳಲ್ಲೂ ಮೊದಲಿನವನು ‘ಹಾಕುತ್ತಿರುವವರಿಗೆ ಮಾತ್ರ’ ಎಂದು ಒತ್ತಿಹೋಗಿದ್ದನಂತೆ. ಹಾಗಾಗಿ ತಂತ್ರಾಂಶ ಅವನ ಹೆಸರಿಗೆ ಮಾತ್ರ ತೆರೆಯುತ್ತಿತ್ತು, ಅವನು ಊರು ಬಿಟ್ಟ ಮೇಲೆ ಯಾರಿಗೂ ಇಲ್ಲ. ಹೆಡ್‌ಕ್ಲಾರ್ಕರ ಯಂತ್ರದಲ್ಲಿ ಅವರು ಹಟ ಹಿಡಿದು ‘ಎಲ್ಲರಿಗೂ’ ಎಂದು ಒತ್ತಿಸಿದ್ದರು. ಹೊಸಬ ಎಲ್ಲ ಯಂತ್ರಗಳನ್ನೂ ಚಹಾ ಆರುವುದರೊಳಗೆ ಸರಿ ಮಾಡಿ, “ಇಷ್ಟೇ ಮೇಡಂ, ಸಣ್ಣ ವಿಷಯ” ಎಂದ. ನಾನು ಹೊರಗೆ ಹೋಗಿ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡೆ.

ವಿಚಾರಣೆ ಎಳೆಯುತ್ತ ಹೋಯಿತು. ಆ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಅಂಗಳದಲ್ಲಿ ಬಲೆಯ ತೂತು ಹೆಣೆಯುತ್ತ ಕೂತಲ್ಲೇ ಹೆಡ್‌ಕ್ಲಾರ್ಕರು ವಾಲಿದರಂತೆ. ಆಸ್ಪತ್ರೆಗೆ ಮುಟ್ಟಿಸುವುದರೊಳಗೆ ಎಲ್ಲ ಮುಗಿದಿತ್ತು. ಸಂಬಂಧಪಟ್ಟ ನೌಕರ ಜೀವಂತವಿಲ್ಲದ ಕಾರಣ ಪ್ರಕರಣ ಮುಕ್ತಾಯಗೊಳಿಸಲಾಗಿದೆ ಎಂದು ಜಿಲ್ಲಾ ಕಚೇರಿಯಿಂದ ಬಂತು. ನನ್ನ ದೂರುಗಳನ್ನು ಮುಗಿಸಿದ ಅದೇ ಮಾತಿನಲ್ಲಿ.

ಸೂತಕದ ದಿನ ಕಳೆದ ಮೇಲೆ ಅವರ ಮನೆಗೆ ಹೋದವಳು ದಂಡೆಗೂ ಹೋದೆ. ಅತ್ತೆ ಮೀನು ತಿರುವಿ ಹಾಕುತ್ತಿದ್ದರು. ಈಗ ನನ್ನ ಕೈ ಹಿಡಿದು ಕೂರಿಸುವವರು ಯಾರೂ ಇರಲಿಲ್ಲ. ಒತ್ತಿದ್ದು ಅವರಲ್ಲ, ಆ ಹೊತ್ತಿಗೆ ಅವರು ಸೀಟಿನಲ್ಲೇ ಇರಲಿಲ್ಲ, ಹಲ್ಲು ಕೀಳಿಸಲು ಹೋಗಿದ್ದರು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅತ್ತೆ ತಲೆ ಎತ್ತಲಿಲ್ಲ. “ಅಂವ ಮಾಡೂ ಜಾತಿ ಅಲ್ಲ ಅಂತ ನಂಗೆ ಗೊತ್ತಿಲ್ಲಾಗಿತ್ತೇ ಮಗಾ? ಸಣ್ಣಿದ್ದಾಗ ನಾನೇ ಮೀಸಿ ಎತ್ತಾಡಿಸ್ದ ಮಗು ಅಂವ” ಎಂದರು. “ಪಾಲು ಹಾಕೂಕೆ ಹೋದಾಗೆಲ್ಲಾ ಅಂವ್ನ ಬಾಯಿ ನೋಡ್ತಿದ್ದೆ. ‘ನಾನಲ್ಲ ಅತ್ತೆ’ ಅಂತ ಒಂದು ಮಾತು ಹೇಳ್ಲಿ, ಬುಟ್ಟೀನೇ ಬಗ್ಗಿಸ್ತೆ ಅಂತ. ಅಲ್ಲಿ ಸಾಹೇಬ್ರ ಮುಂದೆ ಏನಾದ್ರೂ ಹೇಳ್ಕೊಳ್ಲಿ. ನಮ್ಗೆ ಹೇಳ್ಬೇಕಾಗಿತ್ತೋ ಇಲ್ವೋ?” ಅವರ ಕೈ ಮೀನಿನ ಮೇಲೆ ಹಾಗೇ ನಿಂತಿತು. “ಅಂವ ಕೊನೀವರೆಗೂ ಹೇಳ್ಲಿಲ್ಲ. ನಾ ಕೊನೀವರೆಗೂ ಹಾಕ್ಲಿಲ್ಲ.”

ಆಮೇಲೆ ನನಗೆ ಅಂಕೋಲೆಯಿಂದ ಕಾರವಾರಕ್ಕೆ ವರ್ಗವಾಯಿತು. ಹಳೆಯವರು ಎಲ್ಲಾದರೂ ಸಿಕ್ಕರೆ ಮಕ್ಕಳ ಓದು, ಮಂಡಿನೋವು ಎಲ್ಲ ಮಾತಾಡುತ್ತೇವೆ. ಆ ಕುರ್ಚಿಯ ಸುದ್ದಿಯನ್ನು ಯಾರೂ ಎತ್ತುವುದಿಲ್ಲ...

ಗುಜರಿಯ ಕೋಣೆಯಲ್ಲಿ ಆ ನೂಲಿನ ಗಂಟನ್ನು ಬಿಚ್ಚಲು ನೋಡಿದೆ. ಉಗುರು ನೊಂದಿತೇ ಹೊರತು ಗಂಟು ಸಡಿಲಲಿಲ್ಲ. ಕೀಲಿಯ ಮೇಲೆ ಇಲಾಖೆಯ ನಂಬರು ಇತ್ತು, ಒಯ್ಯುವಂತಿರಲಿಲ್ಲ, ತಿರುಗಿ ಪೆಟ್ಟಿಗೆಗೆ ಹಾಕಿದೆ. ಅಷ್ಟರಲ್ಲಿ ಕರೆ ಬಂತು. ನನ್ನ ಮೇಜಿನ ಮೇಲೆ ಹೊಸ ಯಂತ್ರ ಬಂದಿತ್ತು, ಅದಕ್ಕೆ ಹೊಸ ತಂತ್ರಾಂಶ ಹಾಕುತ್ತಿದ್ದರು. ಈಗ ಪಾಸ್‌ವರ್ಡೂ ಇಲ್ಲ ಕೀಲಿಯೂ ಇಲ್ಲ, ಬೆರಳಚ್ಚು ಕೊಟ್ಟರೆ ಮಾತ್ರ ತೆರೆಯುತ್ತದೆ. ಪರದೆಯ ಮೇಲೆ ಅದೇ ಹಳೆಯ ಪ್ರಶ್ನೆ ಬಂದು ನಿಂತಿತ್ತು: ಎಲ್ಲರಿಗೂ ಹಾಕಬೇಕೋ, ಒಬ್ಬರಿಗೆ ಮಾತ್ರವೋ?

“ನಿಮಗೊಬ್ಬರಿಗೇ ಹಾಕೂದಲ್ವಾ ಮೇಡಂ?” ಎಂದು ಟೆಕ್ನಿಶಿಯನ್ ಕೇಳಿದ.

ಪಕ್ಕದ ಮೇಜಿನಲ್ಲಿ, ಯಂತ್ರ ಇನ್ನೂ ಸರಿಯಾಗದ ಹೊಸ ಹುಡುಗಿಯೊಬ್ಬಳು ಎದುರಿಗೆ ಜನರನ್ನು ನಿಲ್ಲಿಸಿಕೊಂಡು ನನ್ನ ಕಡೆಯೇ ನೋಡುತ್ತಿದ್ದಳು.

ಹೌದು, ನನಗೊಬ್ಬಳಿಗೇ ಎಂದೆ.